ಬದುಕಿ ಬಂದವನ ಕಲ್ಲು

"ಗುರುಗಳೇ, ನಾಡಿನ ಮೇಲಿನ ಹೆಮ್ಮೆಯೂ ನಾಡಿನ ಮೇಲಿನ ಪ್ರೀತಿಯೂ ಒಂದೇ ಅಲ್ಲವೇ?" ಎಂದು ಶಿಷ್ಯ ಕೇಳಿದ. ಅವನು ಆಗಷ್ಟೇ ವೀರಗಲ್ಲಿಗೆ ಹೂವೇರಿಸಿ ಬಂದಿದ್ದ. ಹಣೆಯ ಕುಂಕುಮ ಇನ್ನೂ ಆರಿರಲಿಲ್ಲ.

ಗುರುಗಳು ಕೂತುಕೋ ಎಂದು ಸನ್ನೆ ಮಾಡಿ ಈ ಕತೆ ಹೇಳಿದರು.

ಒಂದು ನಾಡಿನ ಗಡಿಯಲ್ಲಿ ಒಂದು ಊರಿತ್ತು. ಊರ ಮುಂದೆ ಹೊಳೆ, ಹೊಳೆಯಾಚೆ ಹಗೆಗಳ ನಾಡು. ಸುತ್ತಲಿನ ಊರುಗಳ ಬಾಗಿಲಲ್ಲೆಲ್ಲ ವೀರಗಲ್ಲುಗಳು ನಿಂತಿದ್ದವು. ಒಂದೂರಲ್ಲಿ ಐದು, ಇನ್ನೊಂದೂರಲ್ಲಿ ಹನ್ನೊಂದು. ಈ ಊರಿನಲ್ಲಿ ಮಾತ್ರ ಒಂದೂ ಇರಲಿಲ್ಲ. ಕಾಳಗಕ್ಕೆ ಹೋದವರೆಲ್ಲ ಪ್ರತಿ ಸಲವೂ ಬದುಕಿ ಮನೆಗೆ ಬಂದಿದ್ದರು. ಅದಕ್ಕಾಗಿ ದೇವರಿಗೆ ಕೈ ಮುಗಿಯಬೇಕಾಗಿದ್ದ ಊರು ತಲೆ ತಗ್ಗಿಸಿಕೊಂಡು ಓಡಾಡುತ್ತಿತ್ತು.

ಆ ಊರಿನಲ್ಲಿ ತಿಪ್ಪಯ್ಯನೆಂಬ ಕುಂಬಾರನಿದ್ದ. ಮಡಕೆ ಮಾಡುವವನು ಅವನು. ಸಂತೆಗೆ ಹೊತ್ತು ಮಾರುವವಳು ಅವನ ಹೆಂಡತಿ. ಮಾತಿನಲ್ಲಿ ಅವಳನ್ನು ಗೆದ್ದವರಿರಲಿಲ್ಲ. ಒಂದು ಸಂತೆಯ ದಿನ ನೆರೆಯೂರಿನ ಹೆಂಗಸೊಬ್ಬಳು ಅವಳ ಗಡಿಗೆಯನ್ನು ಬೆರಳಿನಿಂದ ತಟ್ಟಿ, ಸದ್ದು ಕೇಳಿ, ಹೇಳಿದಳು:

"ನಿಮ್ಮೂರ ಗಡಿಗೆ ಒಳ್ಳೆ ಗಟ್ಟಿ ಕಣೇ ತಂಗಿ. ಗಂಡಸರನ್ನೂ ಇದೇ ಆವಿಗೆಯಲ್ಲಿಟ್ಟು ಸುಡಬಾರದೇ?"

ಸುತ್ತ ಕೂತಿದ್ದವರು ನಕ್ಕರು. ಕುಂಬಾರಗಿತ್ತಿಗೆ ಅಂದು ಬಾಯಿ ಬರಲಿಲ್ಲ. ಆ ನಗೆಯನ್ನು ಅವಳು ಮಡಕೆಗಳ ಜೊತೆಗೇ ತಲೆಯ ಮೇಲೆ ಹೊತ್ತು ಮನೆಗೆ ತಂದಳು.

ಅದೇ ವರ್ಷ ದಂಡು ಹೊರಟಿತು. ಊರಿಗೆ ಹತ್ತು ಆಳು ಎಂದು ಕಟ್ಟಳೆ. ಹತ್ತರಲ್ಲಿ ತಿಪ್ಪಯ್ಯನೂ ಒಬ್ಬನಾದ. ಮಗನಿಗೆ ಆಗ ಎರಡು ವರ್ಷ. ಗಂಡನ ಬುತ್ತಿ ಕಟ್ಟುತ್ತ ಅವಳು ಹೇಳಿದಳು:

"ಬೆನ್ನು ತೋರಿಸಿ ಬರಬೇಡ."

"ಬರುವುದಾದರೂ ಬೇಕೋ ಬೇಡವೋ?" ಎಂದು ಅವನು ನಕ್ಕ.

"ಬೇಕು. ಹಾಗೆ ಬೇಡ."

ಹತ್ತು ಜನ ಹೋದರು, ಒಂಬತ್ತು ಜನ ಬಂದರು. ಬಂದವರಲ್ಲಿ ಹಿರಿಯನಾದ ಗಾಣಿಗ ಊರ ಮುಂದೆ ನಿಂತು ಹೇಳಿದ: "ನಾವು ಹಿಂದೆ ಸರಿಯುವುದಕ್ಕೆ ದಾರಿ ಮಾಡಿಕೊಟ್ಟವನು ತಿಪ್ಪಯ್ಯ. ಕೊನೆಗೆ ಕಂಡಾಗ ಅಷ್ಟು ಜನರ ನಡುವೆ ಒಬ್ಬನೇ ನಿಂತಿದ್ದ." ಉಳಿದ ಎಂಟು ಜನ ತಲೆಯಾಡಿಸಿದರು. ಹೆಣ ಕಂಡಿರಾ ಎಂದು ಯಾರೂ ಕೇಳಲಿಲ್ಲ. ಕೇಳುವಷ್ಟು ತಾಳ್ಮೆ ಊರಿಗಿರಲಿಲ್ಲ. ಒಂದು ವೀರಗಲ್ಲಿಗಾಗಿ ಎಷ್ಟೋ ತಲೆಮಾರುಗಳಿಂದ ಕಾದಿದ್ದ ಊರು ಅದು.

ಒಂದು ತಿಂಗಳಲ್ಲಿ ಕಲ್ಲು ನಿಂತಿತು. ಕೆಳಗಿನ ಅಂಕಣದಲ್ಲಿ ತಿಪ್ಪಯ್ಯ ಕತ್ತಿ ಎತ್ತಿ ಹೋರಾಡುತ್ತಿದ್ದ. ನಡುವಿನದರಲ್ಲಿ ದೇವಕನ್ನೆಯರು ಅವನನ್ನು ಎತ್ತಿಕೊಂಡು ಹೋಗುತ್ತಿದ್ದರು. ಮೇಲಿನದರಲ್ಲಿ ಅವನು ಶಿವನ ಮುಂದೆ ಕೈ ಮುಗಿದು ಕೂತಿದ್ದ. ಜೀವವಿದ್ದಾಗ ಕುಡುಗೋಲು ಬಿಟ್ಟರೆ ಬೇರೆ ಆಯುಧ ಹಿಡಿಯದಿದ್ದವನಿಗೆ ಕಲ್ಲುಕುಟಿಗ ಗೇಣುದ್ದದ ಮೀಸೆ ಇಟ್ಟಿದ್ದ. ಅರಸನ ಕಡೆಯಿಂದ ನೆತ್ತರುಕೊಡುಗೆ ಬಂತು. ಚೆಲ್ಲಿದ ನೆತ್ತರಿಗೆ ಬದಲಾಗಿ, ಕಂದಾಯವಿಲ್ಲದ ಒಂದು ಹೊಲ.

ಕುಂಬಾರಗಿತ್ತಿಯ ಕೈಬಳೆಗಳನ್ನು ಒಡೆದರು. ಅವಳು ನೆಲಕ್ಕೆ ಬಿದ್ದು ಅತ್ತಳು. ಆದರೆ ಅತ್ತು ಎದ್ದಾಗ ಅವಳ ಬೆನ್ನು ನೆಟ್ಟಗಿತ್ತು. ಮುಂದಿನ ಸಂತೆಗೆ ಹೋದಾಗ, ಅಂದು ಗಡಿಗೆ ತಟ್ಟಿದ್ದ ಹೆಂಗಸು ತಾನೇ ಎದ್ದು ನೆರಳಿನ ಜಾಗ ಬಿಟ್ಟುಕೊಟ್ಟಳು. ಹೆಂಗಸರು ತಿಗರಿಯ ಚಕ್ರ ಮುಟ್ಟಬಾರದು ಎನ್ನುವುದು ಕುಂಬಾರರ ಕಟ್ಟು. ಇವಳು ಮುಟ್ಟಿದಳು. ನೋಡಿ ನೋಡಿ, ಕೆಡಿಸಿ ಕೆಡಿಸಿ, ತಾನೇ ಕಲಿತಳು. ವೀರನ ಹೆಂಡತಿಗೆ ಬೇಡವೆನ್ನುವ ಧೈರ್ಯ ಯಾರಿಗೂ ಬರಲಿಲ್ಲ.

ಹೀಗೆ ಮೂರು ವರ್ಷ ಕಳೆಯಿತು.

ಒಂದು ಮಧ್ಯಾಹ್ನ ಅವಳು ಅಂಗಳದಲ್ಲಿ ಕೂತು ಹಸಿ ಗಡಿಗೆಯ ತಳವನ್ನು ಹಲಗೆಯಿಂದ ತಟ್ಟುತ್ತಿದ್ದಳು. ಬಾಗಿಲ ಕಡೆಯಿಂದ ಒಂದು ದನಿ ಬಂತು.

"ತಳ ಇನ್ನೂ ದಪ್ಪ ಇದೆ. ನಾಲ್ಕು ಪೆಟ್ಟು ಸಾಲದು."

ತಲೆ ಎತ್ತುವ ಮೊದಲೇ ಅವಳಿಗೆ ಗೊತ್ತಾಯಿತು. ಎತ್ತಿ ನೋಡಿದಳು. ಕಂಕುಳಲ್ಲಿ ಊರುಗೋಲು. ಎಡಗಾಲು ಮೊಣಕಾಲಿನವರೆಗೆ ಮಾತ್ರ. ಮೈಯಲ್ಲಿ ಎಲುಬಿಗೆ ತೊಗಲು ಹೊದಿಸಿದಷ್ಟೇ ಉಳಿದಿತ್ತು. ಅವಳ ಕೈಯ ಗಡಿಗೆ ನೆಲಕ್ಕೆ ಕುಸಿದು ಮತ್ತೆ ಮಣ್ಣಾಯಿತು.

ಅವನು ತನ್ನ ಕತೆ ಹೇಳಿದ. ಕಾಲಿಗೆ ಪೆಟ್ಟು ಬಿದ್ದಾಗ ಜೊತೆಯವರು ಓಡುತ್ತಿದ್ದರು. ಅವನು ಕೂಗಿದ. ಅವರು ತಿರುಗಿ ನೋಡಿದರು, ಆಮೇಲೆ ಇನ್ನೂ ಜೋರಾಗಿ ಓಡಿದರು. ಅವನು ಕೆಸರಿನಲ್ಲಿ ತೆವಳಿ ಹೊಳೆಯಾಚೆಯ ಒಂದು ಗುಡಿಸಲು ಸೇರಿದ. ಅಲ್ಲಿ ಒಬ್ಬ ಮುದುಕಿಯಿದ್ದಳು. ಅದೇ ಕಾಳಗದಲ್ಲಿ ಅವಳ ಮಗ ಸತ್ತಿದ್ದ. ಅವಳು ಇವನ ಕೊಳೆತ ಕಾಲನ್ನು ಕತ್ತರಿಸಲು ವೈದ್ಯನನ್ನು ಕರೆಸಿದಳು. ಮೂರು ವರ್ಷ ಗಂಜಿ ಹಾಕಿದಳು. ನಡೆಯಲು ಬಂದ ಮೇಲೆ ಹೊಳೆಯವರೆಗೆ ಬಂದು ದಾಟಿಸಿದಳು.

"ಇದನ್ನು ಊರಲ್ಲಿ ಯಾರಿಗಾದರೂ ಹೇಳಿದೆಯಾ?" ಎಂದು ಹೆಂಡತಿ ಕೇಳಿದಳು.

"ಸಿಕ್ಕಿದವರಿಗೆಲ್ಲ ಹೇಳಿಕೊಂಡೇ ಬಂದೆ. ನಾನು ಬದುಕಿದೆ ಅಂದರೆ ಖುಷಿಪಡ್ತಾರೆ ಅಂದುಕೊಂಡೆ."

ಊರ ಗೌಡ ಸಂಜೆಗೆ ಮುಂಚೆಯೇ ಬಂದ. ಕೆಟ್ಟ ಮನುಷ್ಯನಲ್ಲ. ಜಗುಲಿಯ ಮೇಲೆ ಕೂತು, ಕೊಟ್ಟ ನೀರು ಕುಡಿದು, ಅವಳನ್ನು ಮಾತ್ರ ಹತ್ತಿರ ಕರೆದ.

"ತಾಯಿ, ಸತ್ತವರ ಪಟ್ಟಿಗೆ ಸೇರಿದವನು ಬದುಕಿ ಬಂದರೆ ಓಡಿಹೋಗಿದ್ದವನು ಅಂತಲೇ ಲೆಕ್ಕ. ಅರಸನ ಕಟ್ಟಳೆ ಅದು. ನಾಳೆ ಊರು ಸೇರುತ್ತೆ. ಇವನು ನನ್ನ ಗಂಡ ಅಂತ ನೀನು ಹೇಳಿದರೆ ಅವನ ತಲೆ ಹೋಗುತ್ತೆ. ಅಲ್ಲ ಅಂದರೆ ಯಾರೋ ಹುಚ್ಚ ಅಂತ ಬಿಟ್ಟುಬಿಡ್ತೇವೆ. ನಿನ್ನ ಆವಿಗೆಯ ಪಕ್ಕದ ಕೊಟ್ಟಿಗೆಯಲ್ಲೇ ಬಿದ್ದಿರಲಿ. ಮಣ್ಣು ಕಲಸಲಿ. ಊರು ಕಣ್ಣೆತ್ತಿ ನೋಡುವುದಿಲ್ಲ."

"ಅವನ ಹೆಸರು?"

"ಹೆಸರು ಕಲ್ಲಿನ ಮೇಲಿದೆಯಲ್ಲ ತಾಯಿ. ಒಂದು ಹೆಸರಿಗೆ ಇಬ್ಬರು ಯಾಕೆ?"

ಮರುದಿನ ಊರು ವೀರಗಲ್ಲಿನ ಮುಂದೆ ಸೇರಿತು. ತಿಪ್ಪಯ್ಯನನ್ನು ಕಲ್ಲಿನ ಪಕ್ಕದಲ್ಲಿ ನಿಲ್ಲಿಸಿದರು. ಹಿರಿಯರು ಒಮ್ಮೆ ಕಲ್ಲನ್ನು, ಒಮ್ಮೆ ಅವನನ್ನು ನೋಡಿದರು.

"ಮೀಸೆ ಎಲ್ಲಪ್ಪಾ ಇವನಿಗೆ?" ಎಂದು ಒಬ್ಬ ಕೇಳಿದ.

"ಮೀಸೆ ಹೋಗಲಿ, ಕಾಲು ನೋಡು. ಕಲ್ಲಿನವನಿಗೆ ಎರಡಿವೆ."

ಯಾರೂ ತಮಾಷೆಗೆ ಹೇಳಲಿಲ್ಲ. ಕಲ್ಲನ್ನು ಸಾಕ್ಷಿ ಮಾಡಿಕೊಂಡು ಮನುಷ್ಯನನ್ನು ಅಳೆಯುತ್ತಿದ್ದರು. ತಿಪ್ಪಯ್ಯ ಗಾಣಿಗನ ಕಡೆ ತಿರುಗಿದ.

"ಮಾವ, ನೀನಾದರೂ ಹೇಳು. ಬಿದ್ದಾಗ ನಿನ್ನನ್ನೇ ಅಲ್ಲವಾ ಕೂಗಿದ್ದು?"

ಗಾಣಿಗ ಕಾಲಬೆರಳಿನಿಂದ ನೆಲ ಕೆರೆಯುತ್ತ ನಿಂತ. ಗೌಡ ಕುಂಬಾರಗಿತ್ತಿಯನ್ನು ಕೇಳಿದ. ಐದು ವರ್ಷದ ಮಗ ಅವಳ ಸೊಂಟದ ಮೇಲಿದ್ದ. ಅವಳು ಗಂಡನ ಮುಖ ನೋಡಲಿಲ್ಲ.

"ಅಲ್ಲ. ಇವನು ನನ್ನ ಗಂಡನಲ್ಲ."

ಅವನ ಜೀವ ಉಳಿಸಲು ಹಾಗೆಂದೆ ಎಂದು ಅವಳು ಮನಸ್ಸಿಗೆ ಹೇಳಿಕೊಂಡಳು. ಅದು ಸುಳ್ಳಲ್ಲ. ಆದರೆ ಆ ಗಳಿಗೆಯಲ್ಲಿ ಅವಳ ಕಣ್ಣ ಮುಂದೆ ಕತ್ತಿಯ ಜೊತೆಗೆ ಸಂತೆಯೂ ಬಂದಿತ್ತು. ನೆರಳು ಬಿಟ್ಟುಕೊಟ್ಟ ಹೆಂಗಸು ಮತ್ತೆ ಬಂದು ಅದೇ ನೆರಳಿನಲ್ಲಿ ಕೂರುವುದು ಕಂಡಿತ್ತು. ಅದು ಒಂದು ಚಿಟಿಕೆಯಷ್ಟೇ. ಆ ಚಿಟಿಕೆಯನ್ನು ಅವಳು ಯಾರಿಗೂ ಹೇಳಲಿಲ್ಲ.

ಅಂದಿನಿಂದ ಅವನು ಅವಳ ಮನೆಯ ಆಳಾದ. ಊರು ಅವನನ್ನು ಕುಂಟ ಎಂದು ಕರೆಯಿತು. ಕೊಟ್ಟಿಗೆಯಲ್ಲಿ ಮಲಗಿದ, ತಿಗರಿಯ ಮುಂದೆ ಕೂತ. ಅವನ ಗಡಿಗೆಯ ಕಂಠ ತೆಳ್ಳಗೆ, ಒಂದೇ ಸಮ ಇರುತ್ತಿತ್ತು. ಅಂಥ ಕಂಠ ಎಳೆಯುವ ಕೈ ಆ ಸೀಮೆಯಲ್ಲಿ ಇನ್ನೊಂದಿರಲಿಲ್ಲ. ಊರೆಲ್ಲ ಅವನ ಗಡಿಗೆಯಲ್ಲೇ ನೀರು ಕುಡಿಯಿತು. ಯಾರ ಕೈ ಎಂದು ಎಲ್ಲರಿಗೂ ಗೊತ್ತಿತ್ತು. ಯಾರೂ ಬಾಯಿ ಬಿಡಲಿಲ್ಲ.

ವರ್ಷಕ್ಕೊಮ್ಮೆ ಕಲ್ಲಿಗೆ ಪೂಜೆ. ಆಳುಮಕ್ಕಳೂ ಬಂದು ಅಡ್ಡಬೀಳಬೇಕು. ಕುಂಟನೂ ಹೋಗುತ್ತಿದ್ದ. ಒಂದು ಸಲ, ಹತ್ತು ವರ್ಷದವನಾಗಿದ್ದ ಮಗ ಅವನ ಊರುಗೋಲಿಗೆ ಕಾಲಿನಿಂದ ಒದ್ದು ಹೇಳಿದ:

"ಸರಿಯಾಗಿ ಕೈ ಮುಗಿಯೋ ಕುಂಟ. ಅದು ನನ್ನಪ್ಪ."

ಅವನು ಊರುಗೋಲು ಕೆಳಗಿಟ್ಟು ಸರಿಯಾಗಿ ಕೈ ಮುಗಿದ. ತಾಯಿ ನೋಡುತ್ತಿದ್ದಳು. ಹುಡುಗನನ್ನು ಗದರಲು ಬಾಯಿ ತೆರೆದಳು. ಏನೆಂದು ಗದರುವುದು?

ಮಗ ಹದಿನೆಂಟಕ್ಕೆ ಬಂದ. ಆ ವರ್ಷ ಮತ್ತೆ ಡಂಗುರ ಸಾರಿದರು. ಊರಿಗೆ ಹತ್ತು ಆಳು. ಹೋದ ಸಲ ಸರದಿ ಹಾಕಿ ಆರಿಸಿದ್ದರು. ಈ ಸಲ ಹಾಗೆ ಆರಿಸಬೇಕಾಗಲಿಲ್ಲ. ಆ ಕಲ್ಲು ನೋಡಿ ಬೆಳೆದ ಹುಡುಗರು ತಾವಾಗಿ ಮುಂದೆ ಬಂದರು. ಎಲ್ಲರಿಗಿಂತ ಮೊದಲು ಬಂದವನು ಕುಂಬಾರಗಿತ್ತಿಯ ಮಗ.

ಅವಳು ಅವನನ್ನು ಮಣ್ಣಿನ ಗುಂಡಿಯ ಬಳಿಗೆ ಕರೆದುಕೊಂಡು ಹೋಗಿ ನಿಜ ಹೇಳಿದಳು. ಕಲ್ಲಿನಲ್ಲಿರುವವನು ಅಪ್ಪನಲ್ಲ, ಕೊಟ್ಟಿಗೆಯಲ್ಲಿರುವವನು ಅಪ್ಪ ಎಂದಳು. ಅವನು ಕೊನೆಯವರೆಗೆ ಕೇಳಿಸಿಕೊಂಡ.

"ಅವ್ವ, ನಾನು ಆಗ ಚಿಕ್ಕವನು, ಆದರೆ ನಿನ್ನ ಸೊಂಟದ ಮೇಲೇ ಇದ್ದೆ. ಊರ ಮುಂದೆ ನೀನು ಅಲ್ಲ ಅಂದೆ. ಈಗ ಈ ಗುಂಡಿ ಹತ್ತಿರ ಹೌದು ಅಂತೀಯ. ಯಾವುದನ್ನು ನಂಬಲಿ?"

"ಈಗ ಹೇಳುವುದನ್ನು ನಂಬು."

"ನನ್ನನ್ನು ಕಳಿಸಲು ಮನಸ್ಸಿಲ್ಲ ಅಂತ ನೇರ ಹೇಳು. ಅಪ್ಪನನ್ನು ಯಾಕೆ ಸಣ್ಣವನಾಗಿ ಮಾಡ್ತೀಯ?"

ಅವಳು ಗಾಣಿಗನ ಮನೆಗೆ ಹೋದಳು. ಗಾಣದ ಎತ್ತು ಸುತ್ತುತ್ತಿತ್ತು. ಗಾಣಿಗ ಮುದುಕನಾಗಿದ್ದ.

"ಅಣ್ಣ, ನನ್ನ ಮಾತು ಅವನು ನಂಬುವುದಿಲ್ಲ. ಕಂಡವನು ನೀನು. ಒಂದು ಮಾತು ಹೇಳು, ಸಾಕು. ನನ್ನ ಮಗ ಉಳಿಯುತ್ತಾನೆ."

ಗಾಣಿಗ ಎತ್ತನ್ನು ನಿಲ್ಲಿಸಿದ.

"ನನ್ನ ಮಗನೂ ಹೊರಟಿದ್ದಾನೆ ತಂಗಿ. 'ನಿನ್ನಪ್ಪ ಜೊತೆಯವನನ್ನು ಬಿಟ್ಟು ಓಡಿ ಬಂದವನು' ಅಂತ ಅವನ ಮುಂದೆ ಹೇಗೆ ಹೇಳಲಿ?"

"ಹೇಳಿದರೆ ಅವನೂ ಉಳಿಯುತ್ತಾನೆ."

"ಉಳಿಯುತ್ತಾನೆ. ಆಮೇಲೆ ನನ್ನ ಮುಖ ನೋಡುತ್ತಾನಾ?"

ಅವಳು ಎದ್ದು ಬಂದಳು.

ಹೊರಡುವ ದಿನ ಹುಡುಗರೆಲ್ಲ ಹೊಸ ಪಂಚೆಯುಟ್ಟು ಕಲ್ಲಿನ ಮುಂದೆ ಸಾಲಾಗಿ ನಿಂತರು. ಡೊಳ್ಳು ಬಡಿಯುತ್ತಿದ್ದರು. ಕುಂಬಾರಗಿತ್ತಿ ಕುಂಟನ ತೋಳು ಹಿಡಿದು, ಜನರನ್ನು ಸರಿಸಿಕೊಂಡು, ಮುಂದಕ್ಕೆ ಬಂದಳು. ಅವಳ ಕೈ ತುಂಬ ಹಸಿರು ಬಳೆಗಳಿದ್ದವು. ಅಂದು ಬೆಳಿಗ್ಗೆ ಬಳೆಗಾರನನ್ನು ಕರೆಸಿ ತೊಟ್ಟುಕೊಂಡಿದ್ದಳು. ಡೊಳ್ಳು ತಾನಾಗಿ ನಿಂತಿತು.

"ಇವನು ತಿಪ್ಪಯ್ಯ. ನನ್ನ ಗಂಡ. ಅಂದು ಊರ ಮುಂದೆ ನಾನು ಸುಳ್ಳು ಹೇಳಿದೆ. ಅರಸ ಏನು ಮಾಡುತ್ತಾನೋ ಮಾಡಲಿ. ಹೊಲ ವಾಪಸು ತೆಗೆದುಕೊಳ್ಳಿ. ಈ ಕಲ್ಲು ನೋಡಿ ಹುಡುಗರನ್ನು ಕಳಿಸಬೇಡಿ. ಇದರಲ್ಲಿ ಇರುವುದೊಂದೂ ನಡೆದದ್ದಲ್ಲ."

ಬೈಗುಳ ಬೀಳುತ್ತದೆ, ಕಲ್ಲು ಬೀಳುತ್ತದೆ ಎಂದುಕೊಂಡು ಅವಳು ನಿಂತಿದ್ದಳು. ಏನೂ ಬೀಳಲಿಲ್ಲ. ಹೆಂಗಸರು ಸೆರಗಿನಿಂದ ಕಣ್ಣೊರೆಸಿಕೊಂಡರು. "ಹೆತ್ತ ಕರುಳಲ್ಲವೇ, ಹೀಗೆಲ್ಲ ಆಡಿಸುತ್ತೆ" ಎಂದರು. ಗೌಡ ಮೆಲ್ಲಗೆ ಅವಳ ಭುಜ ಹಿಡಿದು ನೆರಳಿಗೆ ಕರೆದೊಯ್ದ. "ಒಬ್ಬ ವೀರನನ್ನು ಕೊಟ್ಟವಳು ನೀನು. ಇನ್ನೊಬ್ಬನನ್ನು ಕೊಡುವಾಗ ಸಂಕಟ ಆಗುತ್ತೆ ತಾಯಿ. ಊರು ತಪ್ಪು ತಿಳಿಯುವುದಿಲ್ಲ" ಎಂದ. ಅವಳು ಕೂಗಿದಷ್ಟೂ ಅವರ ಕನಿಕರ ಹೆಚ್ಚಿತು. ಮಗ ನಾಚಿಕೆಯಿಂದ ಬೇರೆ ಕಡೆ ಮುಖ ಮಾಡಿದ.

ತಿಪ್ಪಯ್ಯ ಊರುಗೋಲು ಊರಿಕೊಂಡು ಮಗನ ಹತ್ತಿರ ಹೋದ.

"ನಾನು ಯಾರಾದರೂ ಆಗಲಿ, ಇದೊಂದು ಕೇಳಿಕೋ. ಬಿದ್ದರೆ ನಮ್ಮವರನ್ನು ಕೂಗಬೇಡ, ಉಸಿರು ದಂಡ. ಹೊಳೆಯಾಚೆ ಜೊಂಡು ಬೆಳೆದಿರುವ ಕಡೆ ತೆವಳಿಕೊಂಡು ಹೋಗು. ಒಂದು ಗುಡಿಸಲಿದೆ. ಅಲ್ಲಿ ಯಾರಿದ್ದರೂ ಅವ್ವ ಅಂತ ಕರೆ."

ಡೊಳ್ಳು ಮತ್ತೆ ಶುರುವಾಯಿತು. ಹತ್ತು ಜನ ಹೊಳೆಯ ಕಡೆ ನಡೆದರು.

ಆರು ಜನ ತಿರುಗಿ ಬಂದರು. ಕುಂಬಾರಗಿತ್ತಿಯ ಮಗ ಬರಲಿಲ್ಲ. ಗಾಣಿಗನ ಮಗನೂ ಬರಲಿಲ್ಲ. ಬಂದವರಲ್ಲಿ ಹಿರಿಯನು ಊರ ಮುಂದೆ ನಿಂತು, ಕುಂಬಾರಗಿತ್ತಿಯ ಮಗ ಕೊನೆಗೆ ಕಂಡಾಗ ಅಷ್ಟು ಜನರ ನಡುವೆ ಒಬ್ಬನೇ ನಿಂತಿದ್ದ ಎಂದು ಹೇಳಿದ.

"ಹೆಣ ಕಂಡೆಯಾ?" ಎಂದು ಈ ಸಲ ಕುಂಬಾರಗಿತ್ತಿ ಕೇಳಿದಳು.

ಅವನು ತಲೆ ತಗ್ಗಿಸಿದ. ಗೌಡ ಬೇರೆ ಮಾತು ತೆಗೆದ.

ಊರಿಗೆ ಆ ವರ್ಷ ನಾಲ್ಕು ಕಲ್ಲು ಬಂದವು. ಸಂತೆಯಲ್ಲಿ ಆ ಊರಿನ ಹೆಂಗಸರಿಗೆ ಈಗ ಎಲ್ಲರೂ ಜಾಗ ಬಿಡುತ್ತಿದ್ದರು. ಗಾಣಿಗ ಮಗನ ಕಲ್ಲಿಗೆ ದಿನಾ ಎಣ್ಣೆ ಹಚ್ಚುತ್ತಿದ್ದ. ಹಚ್ಚಿ ಹಚ್ಚಿ ಕಲ್ಲು ಕಪ್ಪಗೆ ಮಿನುಗುತ್ತಿತ್ತು. ಕುಂಬಾರಗಿತ್ತಿಯ ಹೆಸರಿಗೆ ಎರಡನೆಯ ಹೊಲ ಬಂತು. ಅವಳು ಅದರಲ್ಲಿ ಕಾಲಿಡಲಿಲ್ಲ.

ಅವಳೂ ತಿಪ್ಪಯ್ಯನೂ ಪ್ರತಿದಿನ ಬೆಳಿಗ್ಗೆ ಕೆಲಸ ಮುಗಿಸಿ ಹೊಳೆ ದಾಟುವ ಕಡವಿಗೆ ಹೋಗಿ ಕೂರುತ್ತಿದ್ದರು. ಒಂದು ಗಡಿಗೆಯಲ್ಲಿ ಗಂಜಿ ಇಟ್ಟುಕೊಂಡಿರುತ್ತಿದ್ದರು. ಬಿಸಿಲು ಇಳಿಯುವವರೆಗೆ ಆಚೆ ದಡದ ಜೊಂಡು ನೋಡುತ್ತಿದ್ದರು. ಗಾಳಿಗೆ ಜೊಂಡು ಅಲುಗಿದರೆ ಅವಳು ಎದ್ದು ನಿಲ್ಲುತ್ತಿದ್ದಳು. ಮತ್ತೆ ಕೂರುತ್ತಿದ್ದಳು.

ಇದು ಊರಿಗೆ ಹಿಡಿಸಲಿಲ್ಲ. ಮೊದಲು ಅಯ್ಯೋ ಎಂದವರು ಆಮೇಲೆ ಗೊಣಗಿದರು. ಕೊನೆಗೆ ಗೌಡನೇ ಕಡವಿಗೆ ಬಂದ.

"ತಾಯಿ, ನಿನ್ನ ಸಂಕಟ ನನಗೆ ಗೊತ್ತಾಗುತ್ತೆ. ಆದರೆ ಕಲ್ಲು ನಿಂತ ಮೇಲೆ ಹೀಗೆ ಕಾಯಬಾರದು. ನೋಡಿದವರು ಏನಂದುಕೊಳ್ತಾರೆ? ಅವನು ಸತ್ತಿಲ್ಲ ಅಂತ ನೀನು ದಿನಾ ಊರಿಗೆಲ್ಲ ಸಾರಿದ ಹಾಗೆ ಆಗುತ್ತೆ."

"ಸತ್ತಿಲ್ಲದಿದ್ದರೆ ಒಳ್ಳೆಯದಲ್ಲವೇ ಗೌಡರೇ?"

ಹೌದು ಎನ್ನಲು ಗೌಡನಿಗಾಗಲಿಲ್ಲ. ಅಲ್ಲ ಎನ್ನಲೂ ಆಗಲಿಲ್ಲ. ಹೆಗಲ ಮೇಲಿನ ವಸ್ತ್ರ ಸರಿಪಡಿಸಿಕೊಂಡು ಊರ ಕಡೆ ನಡೆದ.

ಇಷ್ಟಕ್ಕೆ ಗುರುಗಳು ಕತೆ ನಿಲ್ಲಿಸಿದರು.

ಶಿಷ್ಯ ತಡೆಯಲಾರದೆ ಕೇಳಿದ: "ಮಗ ಬಂದನೇ, ಗುರುಗಳೇ?"

ಗುರುಗಳು ಹೇಳಿದರು: "ಬರಲಿ ಎಂದು ಬಯಸಿದವರು ಆ ಊರಿನಲ್ಲಿ ಇಬ್ಬರೇ ಇದ್ದರು."